ಊಟಿಯ ಅರಮನೆ ಹೋಟೆಲಿನ ಬಸವಣ್ಣ

ನಮ್ಮ ಮನೆಯಲ್ಲಿ ಊಟಿಯ ಮಾತನ್ನು ಯಾರೂ ಎತ್ತುವುದಿಲ್ಲ. ನೆಂಟರ ಮನೆಯಲ್ಲಿ ಯಾರಾದರೂ ಆಲ್ಬಂ ತೆಗೆದು, ಸ್ವೆಟರ್ ತೊಟ್ಟು ಗುಲಾಬಿ ತೋಟದ ಮುಂದೆ ನಿಂತ ಫೋಟೋ ತೋರಿಸಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ನಾನು ಪುಟ ಬೇಗ ತಿರುವಿಬಿಡುತ್ತಿದ್ದೆ. ಅಮ್ಮ ಮಾತ್ರ "ಅಲ್ಲಿ ಥಂಡಿ ಭಾಳ ಐತಿ" ಎಂದು ಅಷ್ಟಕ್ಕೇ ಸುಮ್ಮನಾಗುತ್ತಿದ್ದಳು. ಥಂಡಿ ಇತ್ತು, ಸುಳ್ಳಲ್ಲ. ಆದರೆ ನಾವು ಅಲ್ಲಿಂದ ಹೊತ್ತು ತಂದದ್ದು ಥಂಡಿಯನ್ನಲ್ಲ, ನಾಚಿಕೆಯನ್ನು. ಥಂಡಿಯಾಗಿದ್ದರೆ ಬಳ್ಳಾರಿ ಬಿಸಿಲಿಗೆ ಒಂದೇ ದಿನದಲ್ಲಿ ಬಿಟ್ಟುಹೋಗುತ್ತಿತ್ತು.

ಎಂಬತ್ತರ ದಶಕದ ಶುರುವಿನ ಮಾತು. ಸಿರುಗುಪ್ಪದಲ್ಲಿ ಅಪ್ಪನದು ಗೊಬ್ಬರದ ಅಂಗಡಿ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಬೆಳೆಯದವರೇ ಇರಲಿಲ್ಲ. ಸಿರಿಗೇರಿ ಕಡೆಯ ಬಂಡಿಗಳು ಬೆಳಗಾಗುವುದರೊಳಗೆ ಅಂಗಡಿಯ ಮುಂದೆ ಸಾಲುಗಟ್ಟುತ್ತಿದ್ದವು. ಆ ವರ್ಷ ಗೊಬ್ಬರದ ಕಂಪನಿಯವರು ತಮ್ಮ ಮಾಲನ್ನು ಹೆಚ್ಚು ಮಾರಿದ ಅಂಗಡಿಕಾರರನ್ನು ಸಂಸಾರ ಸಮೇತ ಊಟಿಗೆ ಕರೆದುಕೊಂಡು ಹೋಗುತ್ತೇವೆ ಎಂದರು. ಬಸ್ಸು, ಹೋಟೆಲು, ಊಟ ಎಲ್ಲ ಅವರದೇ. ವಾಪಸು ಬರುವುದಕ್ಕೆ ಮುಂಚೆ ಒಂದು ಸಮಾರಂಭ. ಅಲ್ಲಿ ಶಾಲು, ಹಾರ, ಒಂದು ಬೆಳ್ಳಿ ತಟ್ಟೆ.

ಅಪ್ಪನಿಗೆ ಊಟಿ ಬೇಕಿರಲಿಲ್ಲ. ತನಗೆ ಶಾಲು ಹೊದಿಸುವಾಗ ತನ್ನ ತಾಯಿ ಮುಂದಿನ ಸಾಲಿನಲ್ಲಿ ಕೂತು ನೋಡಬೇಕು, ಅವನಿಗೆ ಬೇಕಿದ್ದದ್ದು ಇಷ್ಟೇ. ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಂಡವರ ಹೊಲದಲ್ಲಿ ಶೇಂಗಾ ಕಿತ್ತು, ಎಮ್ಮೆ ಕಟ್ಟಿ ಹಾಲು ಮಾರಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವಳು. ಅಪ್ಪ ಬೇರೆಯವರ ಅಂಗಡಿಯಲ್ಲಿ ಮೂಟೆ ಹೊತ್ತು ಹೊತ್ತು ಕಡೆಗೆ ತನ್ನದೊಂದು ಅಂಗಡಿ ಹಾಕಿದವನು. ಸೂಟು ಹಾಕಿದ ದೊಡ್ಡ ಸಾಹೇಬರು ತನ್ನ ಕೈ ಕುಲುಕುವುದನ್ನು ಆಕೆ ಒಮ್ಮೆ ನೋಡಬೇಕೆಂಬ ಆಸೆ ಅವನಿಗೆ ಹುಚ್ಚಿನಂತೆ ಹಿಡಿದಿತ್ತು.

ಅಜ್ಜಿ ಇದ್ದದ್ದು ಕುರುಗೋಡಿನಲ್ಲಿ, ನಮ್ಮ ಚಿಕ್ಕಪ್ಪನ ಮನೆಯಲ್ಲಿ. ಆಕೆಗೊಂದು ನೇಮ ಇತ್ತು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿದ್ದ ಲಿಂಗಕ್ಕೆ ಪೂಜೆ ಮಾಡಿ, ದೊಡ್ಡ ಬಸವಣ್ಣನ ಗುಡಿಗೆ ಹೋಗಿ ಅವನ ಮುಖ ನೋಡಿ ಬಂದಮೇಲೇ ಬಾಯಿಗೆ ತುತ್ತು. ಚಹಾ ಕುಡಿಯುತ್ತಿದ್ದಳು, ಅದು ಊಟವಲ್ಲ ಎಂಬುದು ಆಕೆಯೇ ಮಾಡಿಕೊಂಡ ಕಾನೂನು. ಕೊರಳಲ್ಲಿ ಲಿಂಗ ಇರುವವರಿಗೆ ಗುಡಿ ಯಾಕೆ ಎಂದು ಮಠದ ಸ್ವಾಮಿಗಳೊಬ್ಬರು ಕೇಳಿದ್ದರಂತೆ. "ಅದು ಬ್ಯಾರೆ, ಇದು ಬ್ಯಾರೆ, ಬುದ್ಧಿ" ಎಂದು ಹೇಳಿ ಬಂದಿದ್ದಳು. ಬೇರೆ ಊರಿಗೆ ಹೋದರೆ ಅಲ್ಲಿಯ ಬಸವಣ್ಣ ಆದರೂ ಆಗುತ್ತಿತ್ತು. ಬಸವಣ್ಣ ಇಲ್ಲದ ಊರಿಗೆ ಆಕೆ ಹೋಗುತ್ತಲೇ ಇರಲಿಲ್ಲ. ಹೀಗಾಗಿ ಎಷ್ಟೋ ನೆಂಟರ ಮದುವೆಗಳು ಆಕೆಗೆ ತಪ್ಪಿಹೋಗಿದ್ದವು, ಆಕೆಗೆ ಅದರ ಚಿಂತೆ ಇರಲಿಲ್ಲ.

ಅಪ್ಪ ಕರೆಯಲು ಹೋದಾಗ ಆಕೆ ಕೇಳಿದ್ದೂ ಅದನ್ನೇ.

"ಅಲ್ಲಿ ಬಸವಣ್ಣ ಅದಾನನು?"

ಅಪ್ಪ ಅಂಗಿಯ ಕಿಸೆಯಿಂದ ಕಂಪನಿಯವರು ಕೊಟ್ಟಿದ್ದ ಬಣ್ಣದ ಕಾಗದ ತೆಗೆದ. ಅದರಲ್ಲಿ ನಾವು ಇಳಿಯಬೇಕಿದ್ದ ಹೋಟೆಲಿನ ಚಿತ್ರ ಇತ್ತು. ಹಳೆಯ ಕಾಲದ ರಾಜರ ಅರಮನೆಯ ಹಾಗೆ ಕಟ್ಟಿದ ಹೋಟೆಲು. ಕಂಬಗಳ ನಡುವೆ ಆಳೆತ್ತರದ ಕರಿಯ ಬಸವಣ್ಣ, ಕೊರಳಲ್ಲಿ ಗಂಟೆಯ ಸರ. ಅಜ್ಜಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಕಣ್ಣಿಗೆ ಒತ್ತಿಕೊಂಡಳು.

"ಹೋಟೆಲ್ಲಿನಾಗ ಯಾಕ ಅದಾನ?"

"ಹಳೇ ಕಾಲದ್ದವ್ವ. ರಾಜರು ಮಾಡಿಸಿದ್ದು. ಅದರ ಸುತ್ತ ಈಗ ಹೋಟೆಲ್ ಕಟ್ಯಾರ."

"ಪೂಜಿ ನಡೀತೈತನು?"

"ದಿನಾ ನಡೀತೈತಿ."

ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಮೊದಲನೆಯ ಸುಳ್ಳು ಹೇಳುವಾಗ ಸ್ವಲ್ಪ ತಡವರಿಸಿದ. ಎರಡನೆಯದಕ್ಕೆ ತಡವರಿಸಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಅಮ್ಮ ಅವನ ಮುಖ ನೋಡಿದಳು.

ಮೇ ತಿಂಗಳು. ಸ್ವೆಟರ್ ಕೊಳ್ಳಲೆಂದು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋದೆವು. ಬೆವರು ಒರೆಸಿಕೊಳ್ಳುತ್ತಾ ಸ್ವೆಟರ್ ಕೇಳಿದ ನಮ್ಮನ್ನು ಅಂಗಡಿಯವನು ತಲೆ ಕೆಟ್ಟವರೇನೋ ಎನ್ನುವಂತೆ ನೋಡಿದ. ಒಳಗಿನ ಗೋದಾಮಿನಿಂದ ಒಂದು ಗಂಟು ತಂದು ಬಿಚ್ಚಿದ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ನನಗೆ ಹಸಿರು, ಅಮ್ಮನಿಗೆ ಕಂದು. ಅಜ್ಜಿಗೂ ಒಂದು ಬೂದು ಬಣ್ಣದ್ದು ಕೊಂಡರು. ಆಕೆ ಅದನ್ನು ಊಟಿಯಲ್ಲಿ ಒಮ್ಮೆಯೂ ತೊಡಲಿಲ್ಲ, ಕಂಬಳಿಯೇ ಸಾಕು ಎಂದಳು.

ಬೆಂಗಳೂರಿಗೆ ಬೆಳಿಗ್ಗೆ ಇಳಿದಾಗ ಬಸವನಗುಡಿಯ ದೊಡ್ಡ ಬಸವಣ್ಣನನ್ನು ತೋರಿಸಿ, ಆಕೆ ಬುತ್ತಿಯ ರೊಟ್ಟಿ ತಿಂದಮೇಲೆ ಕಂಪನಿಯ ಬಸ್ಸು ಹತ್ತಿದೆವು. ಮೈಸೂರು ದಾಟಿ, ಕಾಡು ದಾಟಿ, ತಿರುವುಗಳಲ್ಲಿ ಅಮ್ಮ ಕಿಟಕಿಯ ಹೊರಗೆ ವಾಂತಿ ಮಾಡಿ, ಸಂಜೆ ಊಟಿ ಸೇರಿದೆವು.

ಹೋಟೆಲಿನ ಬಾಗಿಲಲ್ಲಿ ಕೆಂಪು ರುಮಾಲು, ಜರಿಯ ನಡುಪಟ್ಟಿ ಕಟ್ಟಿದ ಆಳುಗಳು ಭರ್ಜಿ ಹಿಡಿದು ನಿಂತಿದ್ದರು. ಭರ್ಜಿಯ ತುದಿಗೆ ಬೆಳ್ಳಿಯ ಬಣ್ಣದ ಕಾಗದ ಅಂಟಿಸಿತ್ತು. ನಾವು ಇಳಿಯುತ್ತಲೇ ಒಬ್ಬ ಬಗ್ಗಿ "ಮಹಾರಾಜರು ದಯಮಾಡಿಸಬೇಕು" ಎಂದ. ಅಪ್ಪ ಹಿಂದೆ ಯಾರು ಬಂದರು ಎಂದು ತಿರುಗಿ ನೋಡಿದ. ಹಿಂದೆ ಇದ್ದದ್ದು ರೊಟ್ಟಿಯ ಗಂಟು ಹೊತ್ತ ಅಮ್ಮ. ಜೊತೆಗೆ ಬಂದಿದ್ದ ದಾವಣಗೆರೆ ಕಡೆಯ ಅಂಗಡಿಕಾರರೊಬ್ಬರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನನ್ನ ನಾಚಿಕೆ ಅಲ್ಲಿಂದ ಶುರುವಾಯಿತು.

ಅಲ್ಲಿ ಕೋಣೆಗಳಿಗೆ ನಂಬರು ಇರಲಿಲ್ಲ, ಹೆಸರಿದ್ದವು. ರಾಣಿವಾಸ, ದರ್ಬಾರು, ಕುದುರೆಲಾಯ. ನಮಗೆ ಸಿಕ್ಕಿದ್ದು ಗಜಶಾಲೆ. ಗೋಡೆಯ ತುಂಬ ಆನೆಯ ಚಿತ್ರ. "ಇಷ್ಟು ದೂರ ಬಂದು ಆನಿ ಕೊಟ್ಟಿಗ್ಯಾಗ ಮಲಗೂದನು" ಎಂದಳು ಅಮ್ಮ. ನಿಜವಾದ ಗಜಶಾಲೆ ಹಂಪಿಯಲ್ಲಿ, ನಮ್ಮ ಊರಿಂದ ಒಂದೇ ಬಸ್ಸಿನ ದಾರಿ. ಅದನ್ನು ನಾವ್ಯಾರೂ ನೋಡಿರಲಿಲ್ಲ. ಇಲ್ಲಿಯ ಕಲ್ಲಿನ ಕಂಬವನ್ನು ನಾನು ಬೆರಳಿಂದ ತಟ್ಟಿದೆ. ಖಾಲಿ ಡಬ್ಬಿ ತಟ್ಟಿದ ಹಾಗೆ ಸದ್ದು ಬಂತು. ಕೈ ಹಿಂದೆ ತೆಗೆದುಕೊಂಡೆ.

ಆ ಸಂಜೆ ಕಂಪನಿಯ ಸಾಹೇಬರು ಗಂಡಸರನ್ನೆಲ್ಲ ನಡುವಿನ ಪಡಸಾಲೆಗೆ ಕರೆದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋದವನು ಬೇಗ ವಾಪಸು ಬಂದ. ಮುಖ ಇಳಿದಿತ್ತು. ಯಾಕ್ರೀ ಎಂದಳು ಅಮ್ಮ. ಏನಿಲ್ಲ ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದ. ಊಟಕ್ಕೂ ಏಳಲಿಲ್ಲ. ಥಂಡಿ ಹಿಡಿದಿರಬೇಕೆಂದು ಅಮ್ಮ ಅವನ ಮೇಲೆ ಇನ್ನೊಂದು ರಗ್ಗು ಹೊದಿಸಿದಳು.

ಬೆಳಿಗ್ಗೆ ಅಜ್ಜಿ ಎಲ್ಲರಿಗಿಂತ ಮೊದಲು ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ ತಂಬಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಪತ್ರೆ, ವಿಭೂತಿ ಉಂಡೆ ಎಲ್ಲ ಸಿದ್ಧ. ಅಪ್ಪ ಅವಳ ಕೈ ಹಿಡಿದು ಕರೆದುಕೊಂಡು ಹೋದ. ನನಗೆ ಹೋಗುವ ಮನಸ್ಸಿರಲಿಲ್ಲ. ಅಮ್ಮ ನೂಕಿದಳು.

ನಡುವಿನ ಪಡಸಾಲೆಯಲ್ಲಿದ್ದ ಬಸವಣ್ಣ ಚಿತ್ರದಲ್ಲಿ ಕಂಡದ್ದಕ್ಕಿಂತ ದೊಡ್ಡವನಾಗಿದ್ದ. ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಕಪ್ಪು. ಅವನ ಹಿಂಭಾಗಕ್ಕೆ ಗೋಡೆಯಿಂದ ಗೋಡೆಗೆ ದಪ್ಪ ಪರದೆ ಬಿಟ್ಟಿದ್ದರು. ಅಜ್ಜಿ ಕೆಂಪು ಜಮಖಾನದ ಮೇಲೆ ಬರಿಗಾಲಲ್ಲಿ ನಡೆದು ಹೋಗಿ ಅವನ ಕಾಲಿಗೆ ಹಣೆ ಹಚ್ಚಿದಳು. ತಂಬಿಗೆಯ ನೀರನ್ನು ಬೆರಳಿನಿಂದ ಚಿಮುಕಿಸಿದಳು. ವಿಭೂತಿ ಹಚ್ಚಿ, ಪತ್ರೆ ಇಟ್ಟು, ಸುತ್ತು ಹಾಕಲು ಹೊರಟಳು.

ಅಪ್ಪ ಅಡ್ಡ ಬಂದ. "ಹಿಂದ ಹೋಗಬ್ಯಾಡವ್ವ. ಅಲ್ಲಿ ಕೆಲಸ ನಡದೈತಿ. ನಿಂತಲ್ಲೇ ಸುತ್ತು."

ಆಕೆ ನಿಂತಲ್ಲೇ ಸುತ್ತಿದಳು. ಮುದುಕಿ ಗಿರಗಿರ ತಿರುಗುವುದನ್ನು ಭರ್ಜಿಯ ಆಳುಗಳು ಕೆಲಸ ಬಿಟ್ಟು ನೋಡಿದರು. ತಿಂಡಿಗೆ ಬಂದ ಅಂಗಡಿಕಾರರೂ ನಿಂತರು, ಅವರ ಹೆಂಡಿರು ಮಕ್ಕಳೂ ನಿಂತರು. ಅಜ್ಜಿ ತುದಿಗಾಲಲ್ಲಿ ನಿಂತು ಬಸವಣ್ಣನ ಕಿವಿಗೆ ಬಾಯಿ ಹಚ್ಚಿ ಏನೋ ಬೇಡಿಕೊಂಡಳು. ಆಕೆಗೆ ಕಿವಿ ಮಂದ. ಅದರಿಂದ ಆಕೆಯ ಪಿಸುಮಾತೂ ನಮಗೆಲ್ಲ ಕೇಳುವಷ್ಟಿತ್ತು.

"ಯಪ್ಪಾ, ನನ್ನ ಮಗನ ಮರ್ಯಾದಿ ಕಾಯಿ."

ಗಂಡಸರ ಗುಂಪಿನಲ್ಲಿ ಯಾರೋ ಕೆಮ್ಮಿದರು. ಇನ್ನೊಬ್ಬರು ಮುಖ ಆ ಕಡೆ ತಿರುಗಿಸಿದರು, ಅವರ ಭುಜ ಕುಣಿಯುತ್ತಿತ್ತು. ಮುದುಕಿಯ ಹಳ್ಳಿತನಕ್ಕೆ ನಗುತ್ತಿದ್ದಾರೆ ಎಂದುಕೊಂಡೆ. ನೆಲ ಬಾಯಿ ಬಿಡಬಾರದೇ ಎನಿಸಿತು. ಅಪ್ಪನ ಕಿವಿ ಕೆಂಪಗಾಗಿದ್ದವು. ಅವನಿಗೂ ನನ್ನ ಹಾಗೇ ಅನಿಸುತ್ತಿದೆ ಎಂದು ನನಗೆ ಒಂದು ರೀತಿಯ ಸಮಾಧಾನವಾಯಿತು. ಅವನ ನಾಚಿಕೆಯೇ ಬೇರೆ ಎಂದು ಗೊತ್ತಾದದ್ದು ಆಮೇಲೆ.

ಬಸವಣ್ಣನ ಕೊರಳ ಮೇಲಿಟ್ಟಿದ್ದ ಕೈ ಕೆಳಗಿಳಿಸುತ್ತಾ ಅಜ್ಜಿ ಹೇಳಿದಳು, "ಈ ಥಂಡ್ಯಾಗೂ ಬೆಚ್ಚಗ ಅದಾನ ನೋಡು. ನಮ್ಮೂರಾಂವ ಬ್ಯಾಸಿಗ್ಯಾಗೂ ತಣ್ಣಗ ಇರ್ತಾನ."

"ದೇವರಲ್ಲನವ್ವ, ಅದಕ್ಕ ಬೆಚ್ಚಗ ಅದಾನ" ಎಂದ ಅಪ್ಪ.

ಆಕೆ ಅದನ್ನೂ ನಂಬಿದಳು. ಅದರಲ್ಲಿ ಸಂತೋಷವನ್ನೂ ಪಟ್ಟಳು. ಆಮೇಲೆ ದೊಡ್ಡ ಊಟದ ಮನೆಯಲ್ಲಿ, ಎಲ್ಲರೂ ಚಮಚದಲ್ಲಿ ಸದ್ದಿಲ್ಲದೆ ಏನೇನೋ ತಿನ್ನುತ್ತಿರುವಾಗ, ಖಡಕ್ ರೊಟ್ಟಿಯನ್ನು ಕಟಕಟ ಮುರಿದು ಶೇಂಗಾ ಚಟ್ನಿಯ ಜೊತೆ ತಿಂದಳು. ನಾನು ಬೇರೆ ಮೇಜಿಗೆ ಹೋಗಿ ಕೂತೆ. ಅಮ್ಮ ಕಣ್ಣಲ್ಲೇ ಗದರಿದಳು. ಎದ್ದು ಬರಲಿಲ್ಲ ನಾನು.

ಮರುದಿನವೂ ಹೀಗೇ ನಡೆಯಿತು. ವ್ಯತ್ಯಾಸ ಇಷ್ಟೇ, ಈ ಸಲ ಕೆಲವು ಹೆಂಗಸರು ಅಜ್ಜಿಯ ಹಿಂದೆ ನಿಂತು ತಾವೂ ಕೈ ಮುಗಿದರು, ವಿಭೂತಿ ಹಚ್ಚಿಸಿಕೊಂಡರು. ದಾವಣಗೆರೆಯ ಆ ಹೆಂಗಸೂ ಬಸವಣ್ಣನ ಕಿವಿಯಲ್ಲಿ ಏನೋ ಬೇಡಿಕೊಂಡಳು. ಕಂಪನಿಯ ದೊಡ್ಡ ಸಾಹೇಬರು ಅಜ್ಜಿಗೆ ನಮಸ್ಕಾರ ಮಾಡಿ "ಎಂಥ ಭಕ್ತಿ ಅಜ್ಜಿ ನಿಮ್ಮದು" ಎಂದರು. ಅಜ್ಜಿಗೆ ಹಿಗ್ಗೋ ಹಿಗ್ಗು. ಹೂವಿನ ತೋಟ, ಕೆರೆ, ದೋಣಿ ಯಾವುದನ್ನು ತೋರಿಸಿದರೂ "ಛಲೋ ಐತಿ" ಎನ್ನುತ್ತಿದ್ದವಳು ಆ ದಿನ ಅಪ್ಪನಿಗೆ, "ನೀ ಕರಕೊಂಡು ಬಂದದ್ದಕ್ಕ ಪುಣ್ಯ ಬಂತು ನೋಡಪ್ಪ" ಎಂದಳು. ಅಪ್ಪ ಕೆರೆಯ ನೀರನ್ನೇ ನೋಡುತ್ತಿದ್ದ.

ಮೂರನೆಯ ದಿನ ಸಮಾರಂಭ. ಅಪ್ಪನನ್ನು ಕಂಪನಿಯವರು ಬೆಳಿಗ್ಗೆಯೇ ಯಾವುದೋ ಕೆಲಸಕ್ಕೆ ಕರೆದರು. ಅಜ್ಜಿ ಅವನಿಗೆ ಕಾಯದೆ ನನ್ನನ್ನು ಕರೆದುಕೊಂಡು ಹೊರಟಳು. ದಾರಿ ಈಗ ಆಕೆಗೆ ಗೊತ್ತಿತ್ತು.

ಪರದೆ ಆ ದಿನ ಸರಿದಿತ್ತು. ಅದರ ಹಿಂದೆ ಉದ್ದನೆಯ ಮೇಜು, ಎತ್ತರದ ಕುರ್ಚಿಗಳು, ಮಗುಚಿಟ್ಟ ಗಾಜಿನ ಲೋಟಗಳು. ನೆಲದ ಮೇಲೆ ಮರದ ಪೆಟ್ಟಿಗೆಗಳನ್ನು ಇಳಿಸಿದ್ದರು. ಒಬ್ಬ ಆಳು, ರುಮಾಲು ಇನ್ನೂ ಸುತ್ತಿಕೊಂಡಿರಲಿಲ್ಲ, ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಯಿಂದ ಸೀಸೆಗಳನ್ನು ತೆಗೆದು ಒಂದು ಕಪಾಟಿನೊಳಗೆ ಜೋಡಿಸುತ್ತಿದ್ದ. ಕಪಾಟು ಬಸವಣ್ಣನ ಹೊಟ್ಟೆ. ಅವನ ಬೆನ್ನಿನ ಕೆಳಗೆ, ಬಾಲದ ಪಕ್ಕ, ಬಾಗಿಲು ತೆರೆದುಕೊಂಡಿತ್ತು. ಒಳಗೆ ಮರದ ಹಲಗೆಗಳು, ಹಲಗೆಯ ಮೇಲೆ ಸಾಲಾಗಿ ಸೀಸೆಗಳು, ನಡುವೆ ಒಂದು ಸಣ್ಣ ಕರೆಂಟ್ ದೀಪ ಉರಿಯುತ್ತಿತ್ತು. ಬಸವಣ್ಣ ಬೆಚ್ಚಗಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಅಜ್ಜಿ ಹತ್ತಿರ ಹೋದಳು.

"ಇದರಾಗ ಏನಪ್ಪ ಇಡಾಕ ಹತ್ತೀದಿ?"

ಅವನು ಮೈಸೂರು ಕಡೆಯವನು. ದಿಗಿಲುಬಿದ್ದು ಎದ್ದು ನಿಂತ. ಕೈಯಲ್ಲಿದ್ದ ಸೀಸೆಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಬಾರಿನ ಸಾಮಾನು ಅಜ್ಜಿ. ಸಾಯಂಕಾಲ ಸಾಹೇಬ್ರುಗಳು ಕುಡೀತಾರಲ್ಲ, ಅದು. ನೀವು ಮುಂದೆ ಪೂಜೆ ಮಾಡ್ಕಳಿ, ನಾನು ಮುಚ್ಬುಡ್ತೀನಿ."

ಅವನು ಬಾಗಿಲು ಮುಚ್ಚಿದ. ಮುಚ್ಚಿದಮೇಲೆ ಅಲ್ಲೊಂದು ಬಾಗಿಲಿದೆ ಎಂದು ಗೊತ್ತಾಗುತ್ತಲೇ ಇರಲಿಲ್ಲ. ಅಜ್ಜಿ ಬಸವಣ್ಣನ ಮೈಯನ್ನು ಬೆರಳಿನಿಂದ ಒಮ್ಮೆ ತಟ್ಟಿದಳು. ಆ ಸದ್ದು ನನಗೆ ಗೊತ್ತಿತ್ತು. ಆಕೆ ತಂಬಿಗೆಯ ನೀರು ಚಿಮುಕಿಸಲಿಲ್ಲ, ಪತ್ರೆ ಇಡಲಿಲ್ಲ. ನನ್ನ ಭುಜ ಹಿಡಿದುಕೊಂಡು ಕೋಣೆಗೆ ವಾಪಸು ನಡೆದಳು.

ಅಪ್ಪ ಬಂದಾಗ ಆಕೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಮ್ಮನಿಗೆ ನಾನು ಹೇಳಿಯಾಗಿತ್ತು. ಅಮ್ಮ ಸೀರೆ ಮಡಿಸುತ್ತಿದ್ದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಅಜ್ಜಿ ಕೇಳಿದಳು, "ಅದರ ಹೊಟ್ಟ್ಯಾಗ ಏನೈತಿ ಅಂತ ನಿನಗ ಗೊತ್ತಿತ್ತನು?"

ಅಪ್ಪ ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಎಲ್ಲೂ ಜಾಗ ಸಿಗದೆ ನೆಲ ನೋಡಿದ.

"ಬಂದ ದಿನ ಸಂಜೀಗೆ ಗೊತ್ತಾತವ್ವ. ಎಲ್ಲಾರೂ ಕುಡ್ಯಾಕ ಕುಂತಿದ್ರು. ನಾ ಕುಡೀಲಿಲ್ಲ, ನಿನ್ನಾಣಿ."

"ನೀ ಕುಡದಿ ಅಂತ ನಾ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೈ ಹಿಡಕೊಂಡು ಕರಕೊಂಡು ಹೋದ್ಯಲ್ಲಪ್ಪ" ಎಂದಳು.

"ನೀ ಉಪಾಸ ಇರ್ತಿದ್ದಿ. ಈ ಥಂಡ್ಯಾಗ, ಈ ವಯಸ್ಸಿನಾಗ."

"ಇರ್ತಿದ್ದೆ" ಎಂದಳು ಅಜ್ಜಿ. "ಅದರಾಗೇನು? ಹೊಟ್ಟಿ ಹಸ್ಕೊಂಡಿರೂದು ನನಗ ಹೊಸಾದಲ್ಲ."

ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ದೊಡ್ಡದಾಗಿ ಅಲ್ಲ, ಮೂಗು ಒರೆಸಿಕೊಳ್ಳುವ ನೆಪ ಮಾಡಿದ. ನಿನಗೆ ಮೈ ಸರಿಯಿಲ್ಲವೆಂದು ನಾನು ಹೇಳುತ್ತೇನೆ, ಸಮಾರಂಭಕ್ಕೆ ನೀನು ಬರಬೇಡ ಎಂದ. ಅಜ್ಜಿ ಎದ್ದು ಸೀರೆ ಕೊಡವಿದಳು. "ನಾ ಬಂದದ್ದ ಅದಕ್ಕ" ಎಂದಳು.

ಹನ್ನೊಂದರ ಹೊತ್ತಿಗೆ ಅದೇ ಪಡಸಾಲೆಯಲ್ಲಿ ಕುರ್ಚಿ ಹಾಕಿದ್ದರು. ಪರದೆಯನ್ನು ಮತ್ತೆ ಬಿಟ್ಟಿದ್ದರು. ಬಸವಣ್ಣನ ಪಕ್ಕದಲ್ಲೇ ವೇದಿಕೆ, ಎದುರಿಗೆ ದೀಪದ ಕಂಬ, ತಟ್ಟೆಯಲ್ಲಿ ದೊಡ್ಡ ಹಾರ. ಅಜ್ಜಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಅಪ್ಪ ಬಯಸಿದ್ದ ಜಾಗವದು. ದೊಡ್ಡ ಸಾಹೇಬರು ಮೈಕಿನ ಮುಂದೆ ನಿಂತು ಊಟಿಯ ಹವೆ, ರೈತರ ಸೇವೆ, ದೇಶದ ಆಹಾರ ಎಂದೆಲ್ಲ ಹೇಳಿದಮೇಲೆ ನಮ್ಮ ಕಡೆ ನೋಡಿ ಕೈ ಮುಗಿದರು.

"ನಮ್ಮ ಜೊತೆ ಕುರುಗೋಡಿನ ಅಜ್ಜಿ ಒಬ್ಬರು ಬಂದಿದ್ದಾರೆ. ಅವರ ಭಕ್ತಿಯನ್ನು ನಾವೆಲ್ಲ ನೋಡಿದ್ದೇವೆ. ಇವತ್ತಿನ ಕಾರ್ಯಕ್ರಮ ಅವರು ನಂದಿಗೆ ಪೂಜೆ ಮಾಡುವುದರಿಂದಲೇ ಶುರುವಾಗಲಿ."

ಚಪ್ಪಾಳೆ ಬಿತ್ತು. ಅಪ್ಪ ಅರ್ಧ ಎದ್ದು "ಅವರಿಗೆ ಮೈಯಾಗ ಸರಿ ಇಲ್ಲರಿ ಸಾರ್" ಎಂದದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಹಿಂದಿನ ಸಾಲಿನಿಂದ ಒಂದು ಗಂಡುದನಿ ಮೆಲ್ಲಗೆ, "ಸಂಜಿ ಪೂಜಿ ನಾವು ಮಾಡ್ತೀವಿ ಬಿಡ್ರಿ" ಎಂದಿತು. ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಆಗ ನನಗೆ ಹೊಳೆಯಿತು. ಈ ಗಂಡಸರಿಗೆಲ್ಲ ಗೊತ್ತು. ಮೊದಲ ಸಂಜೆಯಿಂದಲೂ ಗೊತ್ತಿತ್ತು. ಸಂಜೆ ಅದರ ಹೊಟ್ಟೆಯಿಂದ ತೆಗೆದದ್ದನ್ನು ಕುಡಿದು, ಬೆಳಿಗ್ಗೆ ಒಬ್ಬ ಮುದುಕಿ ಅದರ ಕಾಲಿಗೆ ಬೀಳುವುದನ್ನು ನಿಂತು ನೋಡಿದ್ದರು. ತಮ್ಮ ಹೆಂಡಿರು ಅವಳ ಹಿಂದೆ ಕೈ ಮುಗಿದಾಗಲೂ ಬಾಯಿ ಬಿಟ್ಟಿರಲಿಲ್ಲ. ಅಪ್ಪನೂ ಅವರಲ್ಲೊಬ್ಬ. ನನಗೆ ಅವನ ಮೇಲೆ ಬಂದ ಸಿಟ್ಟಿಗೆ ಇವತ್ತಿಗೂ ಹೆಸರಿಡಲು ಬರುವುದಿಲ್ಲ.

ಅಜ್ಜಿ ಬೇಡ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆಕೆಯ ಬಾಯಿ ಅಂಥಾದ್ದೇ, ಸ್ವಾಮಿಗಳಿಗೇ ಬಿಟ್ಟವಳಲ್ಲ. ಆದರೆ ಯಾಕೆ ಬೇಡ ಎಂದು ಕೇಳುತ್ತಿದ್ದರು, ಹೇಳಿದರೆ ಮಗನ ಮರ್ಯಾದೆ ಹೋಗುತ್ತಿತ್ತು. ಆಕೆ ತಿರುಗಿ ಅಪ್ಪನ ಕಡೆ ನೋಡಿದಳು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಕೈ ಇಟ್ಟುಕೊಂಡು ಶಾಲೆಯ ಹುಡುಗನ ಹಾಗೆ ಕೂತಿದ್ದ ಅವನು ತಲೆ ಎತ್ತಲಿಲ್ಲ. ಅಜ್ಜಿ ಎದ್ದಳು.

ದೀಪ ಹಚ್ಚಿದಳು. ಹಾರ ಎತ್ತಿ ಬಸವಣ್ಣನ ಕೊರಳಿಗೆ ಹಾಕಿದಳು, ಒಂದು ಕಡೆ ಓರೆಯಾಗಿತ್ತು, ಸರಿಮಾಡಿದಳು. ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಹಣೆಗೆ ಮೂರು ಬೆರಳಿನಿಂದ ಎಳೆದಳು. ಬಗ್ಗಿ ಕಾಲಿಗೆ ಹಣೆ ಹಚ್ಚಿದಳು. ಕಿವಿಯ ಹತ್ತಿರ ಮಾತ್ರ ಹೋಗಲಿಲ್ಲ. ಅಮ್ಮ ನನ್ನ ಕೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಅಪ್ಪನ ಸರದಿ ಬಂದಾಗ ಶಾಲು ಹೊದಿಸಿದರು, ತಟ್ಟೆ ಕೊಟ್ಟರು, ಕೈ ಕುಲುಕಿದರು. ಅಜ್ಜಿ ರೆಪ್ಪೆ ಬಡಿಯದೆ ನೋಡಿದಳು, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದಳು. ಅಪ್ಪ ಒಮ್ಮೆಯೂ ಮುಂದಿನ ಸಾಲಿನ ಕಡೆ ನೋಡಲಿಲ್ಲ.

ಆ ದಿನ ಅಜ್ಜಿ ಊಟ ಮಾಡಲಿಲ್ಲ. ಮರುದಿನ ಬಸ್ಸಿನಲ್ಲೂ ಇಲ್ಲ. ಅಮ್ಮ ಬಾಳೆಹಣ್ಣು ಸುಲಿದು "ತಿನ್ರಿ ಅತ್ತಿ" ಎಂದರೆ "ಊರಿಗೆ ಹೋಗಿ" ಎನ್ನುತ್ತಿದ್ದಳು. ಬಸ್ಸು ನಿಂತಲ್ಲೆಲ್ಲ ಅಪ್ಪ ಓಡಿಹೋಗಿ ಚಹಾ ತರುತ್ತಿದ್ದ, ಅದನ್ನು ಕುಡಿಯುತ್ತಿದ್ದಳು. ಬೆಂಗಳೂರಿನಲ್ಲಿ ಬಳ್ಳಾರಿಯ ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸವನಗುಡಿಗೆ ಹೋಗಿ ಬರೋಣ, ಆಮೇಲೆ ಏನಾದರೂ ತಿನ್ನು ಎಂದ ಅಪ್ಪ. "ಬ್ಯಾಡ" ಎಂದಳು. ದಣಿದಿದ್ದಾಳೆ, ತನ್ನೂರಿನ ಬಸವಣ್ಣನೇ ಆಗಬೇಕೆಂದು ಹಟ ಹಿಡಿದಿದ್ದಾಳೆ ಎಂದು ನಾವೆಲ್ಲ ತಿಳಿದೆವು.

ಬೆಳಿಗ್ಗೆ ಬಳ್ಳಾರಿಗೆ ಇಳಿದು, ಕುರುಗೋಡಿನ ಬಸ್ಸು ಹಿಡಿದೆವು. ಇಳಿಯುತ್ತಲೇ ಅಪ್ಪ ಗಂಟುಗಳನ್ನು ನಮಗೆ ಹೊರಿಸಿ, ಅಜ್ಜಿಯ ತೋಳು ಹಿಡಿದು ಗುಡಿಯ ದಾರಿಗೆ ತಿರುಗಿದ. ಆಕೆ ತೋಳು ಬಿಡಿಸಿಕೊಂಡು ಮನೆಯ ದಾರಿ ಹಿಡಿದಳು. ಬಚ್ಚಲಿಗೆ ಹೋಗಿ ಮೈಮೇಲೆ ನೀರು ಹೊಯ್ದುಕೊಂಡಳು, ಲಿಂಗಪೂಜೆ ಮಾಡಿದಳು, ಒಲೆಯ ಮುಂದೆ ಬಂದು ಕೂತಳು.

"ರೊಟ್ಟಿ ನೀಡು" ಎಂದಳು ಚಿಕ್ಕಮ್ಮನಿಗೆ.

ಚಿಕ್ಕಮ್ಮ ಗಾಬರಿಯಾದಳು. "ಗುಡಿಗೆ ಹೋಗಿ ಬಂದ್ರನು ಅತ್ತಿ?"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. ಊಟಿಯ ಸುದ್ದಿ ಕೇಳುವ ಆತುರ. "ಹೆಂಗಿತ್ತಬೇ ಊರು? ಅಲ್ಲೂ ಬಸವಣ್ಣ ಅದಾನಂತಲ್ಲ?"

"ಅದಾನ" ಎಂದಳು ಅಜ್ಜಿ. "ದೊಡ್ಡಾಂವ. ಎಲ್ಲಾರ ಮುಂದ ನನ್ನ 'ಅಜ್ಜಿ' ಅಂತ ಕರದು ಪೂಜಿ ಮಾಡಿಸಿದ್ರು. ನನ್ನ ಮಗ ದಿನಾ ಕೈ ಹಿಡಕೊಂಡು ಕರಕೊಂಡು ಹೋಗಿದ್ದ."

ಹೊಸ್ತಿಲ ಮೇಲೆ ನಿಂತಿದ್ದ ಅಪ್ಪನ ಕಡೆ ನೋಡಿ ಪಕ್ಕದ ಮನೆಯಾಕೆ, ಮಗ ಅಂದ್ರ ಹಿಂಗಿರಬೇಕು ಎಂದು ಹೇಳಿ ಹೋದಳು.

ಅಪ್ಪ ಒಳಗೆ ಬಂದ. ಗುಡಿಗೆ ಹೋಗಿ ಬಂದು ಉಣ್ಣವ್ವ, ನಾನು ಹೊರಗೇ ನಿಂತಿರುತ್ತೇನೆ, ಬೇಕಾದರೆ ನನ್ನ ಮುಖ ನೋಡಬೇಡ ಎಂದು ಗೋಗರೆದ. ಚಿಕ್ಕಮ್ಮ ರೊಟ್ಟಿಯ ಹೆಡಿಗೆ ಹಿಡಿದು ಯಾರ ಮಾತು ಕೇಳಬೇಕೆಂದು ತಿಳಿಯದೆ ನಿಂತಿದ್ದಳು. ಅಜ್ಜಿ ತಾನೇ ಕೈ ಚಾಚಿ ಒಂದು ರೊಟ್ಟಿ ತೆಗೆದುಕೊಂಡಳು.

"ಗೊತ್ತಿಲ್ಲದ, ಎರಡು ದಿನ ಪೂಜಿ ಮಾಡಿದೆ. ಅದನ್ನ ಅವನ ಮುಂದ ಹೇಳಬಹುದು, ಅವ ಕೇಳ್ತಾನ. ಗೊತ್ತಿದ್ದು ಮಾಡಿದ್ನಲ್ಲಪ್ಪ, ಎಲ್ಲಾರ ಮುಂದ. ಅದನ್ನ ಹೇಳಾಕ ನನಗ ಬಾಯಿ ಬರಂಗಿಲ್ಲ. ಯಾವ ಮುಖ ಇಟ್ಕೊಂಡು ಹೋಗಿ ನಿಂದ್ರಲಿ?"

ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ಅಜ್ಜಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಆಮೇಲೆ ಬದುಕಿದ್ದಷ್ಟು ಕಾಲವೂ ಆಕೆ ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ, ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೇ ಎಲ್ಲರ ಹಾಗೆ ಉಣ್ಣುತ್ತಿದ್ದಳು.